ಒಂಬತ್ತನೇ ದಿನ

ಫೆಬ್ರವರಿ 4
ಲ್ಯಾಬಿನಿಂದ, ಊಟದ ಬಿಡುವಿನಲ್ಲಿ

ಸುರಂಗದ ಸಾಹೇಬನಿಗೆ,

ಕಾಗದ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ನೀನು ಭಾನುವಾರ ಗುಡ್ಡ ಹತ್ತಿ, ಸಿಗ್ನಲ್ ಹುಡುಕಿ ಫೋನ್ ಮಾಡಿದರೆ ನಿನ್ನ ಮಗಳು ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟು ಸಭೆ ನಡೆಸುತ್ತಾಳೆ. ನಮ್ಮಿಬ್ಬರ ಮಾತಿಗೆ ಅಲ್ಲಿ ಜಾಗ ಎಲ್ಲಿದೆ? ಅದಕ್ಕೇ ಬರೆಯುತ್ತಿದ್ದೇನೆ. ನೀನೂ ನನಗೆ ಬರೆಯುವುದನ್ನು ಲ್ಯಾಬಿನ ವಿಳಾಸಕ್ಕೇ ಕಳಿಸು. ಮನೆಗೆ ಬರುವ ಅಂಚೆಯನ್ನೆಲ್ಲ ಮೊದಲು ಒಡೆಯುವವಳು ದೊರೆಸಾನಿ. ಮೂರು ವರ್ಷಕ್ಕೇ ನಮ್ಮಿಬ್ಬರಿಗೆ ಚಪ್ಪಲಿ ಎಲ್ಲಿ ಬಿಡಬೇಕೆಂದು ಅಪ್ಪಣೆ ಮಾಡುತ್ತಿದ್ದವಳಿಗೆ ನೀನಿಟ್ಟ ಹೆಸರು, ಹದಿನೈದಕ್ಕೆ ಪೂರ್ತಿ ಒಪ್ಪುತ್ತಿದೆ.

ಡಿಸೆಂಬರಿನಲ್ಲಿ ನೀನು ಬಂದಿದ್ದಾಗ ನಾವಿಬ್ಬರೂ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ, ಇನ್ನು ಬೇರೆಬೇರೆ ಇರೋಣ ಎಂದು ತೀರ್ಮಾನಿಸಿದೆವಲ್ಲ. ಹತ್ತು ನಿಮಿಷವೂ ಹಿಡಿಯಲಿಲ್ಲ. ಹನ್ನೊಂದು ವರ್ಷದಿಂದ ನಮ್ಮದು ವರ್ಷಕ್ಕೆ ನಲವತ್ತು ದಿನದ ಸಂಸಾರ. ಈಗ ಕಂಪನಿ ನಿನ್ನನ್ನು ಇನ್ನೂ ದೂರದ ಸುರಂಗಕ್ಕೆ, ಅದೂ ನಾಲ್ಕು ವರ್ಷಕ್ಕೆ ಎತ್ತಿಹಾಕಿದ ಮೇಲೆ ಆ ನಲವತ್ತೂ ಇಲ್ಲ. ಯಾರ ತಪ್ಪೂ ಅಲ್ಲ, ಒಪ್ಪಿದೆ. ಆದರೆ ಅವಳಿಗೆ ಹೇಗೆ ಹೇಳುವುದು ಎಂಬುದಕ್ಕೆ ನಲ್ಲಿ ನಿಲ್ಲಿಸುವಾಗಲೂ ನಮ್ಮ ಹತ್ತಿರ ಉತ್ತರವಿರಲಿಲ್ಲ.

ಈಗ ನನಗೆ ಸಿಕ್ಕಿದೆ. ಜೂನಿನಲ್ಲಿ ಮೂರೂ ಜನ ಸ್ಪೇನಿಗೆ ಹೋಗೋಣ. ಅವಳಿಗೆ ಆ ದೇಶದ ಹುಚ್ಚು ಹಿಡಿದದ್ದು ನಮ್ಮ ಲ್ಯಾಬಿನಲ್ಲೇ, ನಿನಗೆ ನೆನಪಿದೆಯೋ ಇಲ್ಲವೋ. ಕಟ್ಟುಹಲ್ಲಿನ ಅಚ್ಚಿಗೆ ಹಾಕುವ ಪ್ಲಾಸ್ಟರ್ ಪುಡಿ ಬರುವುದು ಅಲ್ಲಿಂದ. ಏಳು ವರ್ಷದವಳಿದ್ದಾಗ ಆ ಚೀಲಗಳ ಮೇಲೆ ಕೂತು ಹೋಂವರ್ಕ್ ಮಾಡುತ್ತಾ, ಚೀಲದ ಮೇಲಿನ ಬಿಳಿ ಗುಡ್ಡದ ಚಿತ್ರಕ್ಕೆ ಬೆರಳಿಟ್ಟು ಇದೆಲ್ಲಿದೆ ಎಂದು ಕೇಳಿದಳು. ಅವತ್ತು ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಲೈಬ್ರರಿಯ ಹರಕು ಪುಸ್ತಕ ಇಟ್ಟುಕೊಂಡು ಆ ಭಾಷೆಯನ್ನೂ ಅರ್ಧಂಬರ್ಧ ಕಲಿತಿದ್ದಾಳೆ.

ಒಟ್ಟು ಹನ್ನೊಂದು ದಿನ. ಎಂಟು ದಿನ ಸುತ್ತಲಿ, ನಗಲಿ. ಒಂಬತ್ತನೇ ದಿನ ಕಡಲ ದಂಡೆಯಲ್ಲಿ ಕೂತು ಹೇಳಿಬಿಡೋಣ. ಹತ್ತು, ಹನ್ನೊಂದು ಸಮಾಧಾನಕ್ಕೆ ಇರಲಿ. ನಾನು ಹಲ್ಲಿನ ಕೆಲಸದವಳು. ಮೊದಲು ಮರಗಟ್ಟಿಸಬೇಕು, ಆಮೇಲೆ ಕೀಳಬೇಕು.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಬರೆಯಬೇಡ. ಹೂಂ ಅನ್ನು, ಇಲ್ಲಾ ಉಹೂಂ ಅನ್ನು.

ಹಲ್ಲಿನವಳು


ಫೆಬ್ರವರಿ 16
ಕ್ಯಾಂಪ್, ಶೆಡ್ ನಂಬರ್ 6

ಹಲ್ಲಿನವಳಿಗೆ,

ನಾನು ಇಲ್ಲಿ ಆರಾಮ. ನಿನ್ನ ಕಾಗದ ಗುರುವಾರದ ದಿನಸಿ ಲಾರಿಯಲ್ಲಿ ಬಂತು, ಒಂದು ಮೂಲೆ ನೆಂದಿತ್ತು, ಓದಲು ಅಡ್ಡಿಯಾಗಲಿಲ್ಲ.

ಹೂಂ. ರಜೆ ಸಿಗುತ್ತದೆ. ಗುಡ್ಡದ ಎರಡೂ ಬದಿಯಿಂದ ಕೊರೆಯುತ್ತಿದ್ದೇವೆ, ನಡುವೆ ಇನ್ನು ನೂರಾ ತೊಂಬತ್ತು ಮೀಟರ್ ಉಳಿದಿದೆ. ಮೇ ಎರಡನೇ ವಾರದಲ್ಲಿ ಎರಡೂ ಕೂಡಬೇಕು. ಆರು ವರ್ಷ ಅಳೆದದ್ದು ಸರಿಯೋ ತಪ್ಪೋ ಅವತ್ತು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಅದೊಂದು ಮುಗಿದರೆ ನಾನು ಖಾಲಿ.

ಒಂದು ಮಾತು ಮಾತ್ರ ಹೇಳಬೇಕು. ಎಂಟು ದಿನ ಅವಳ ಪಕ್ಕದಲ್ಲಿ ನಗುತ್ತಾ ಇರುವುದು ನನ್ನಿಂದ ಆಗುತ್ತದೆಯೇ ಎಂದು ಯೋಚಿಸುತ್ತಿದ್ದೇನೆ. ಹೋಗುವ ಮುಂಚೆಯೇ ಹೇಳಿದರೆ ಹೇಗೆ? ನೀನು ಬೇಡವೆಂದರೆ ಬೇಡ. ಹೊಸ ಸುರಂಗದ ವಿಷಯದಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ, ಕಂಪನಿ ಹಾಕಿದ ಕಡೆ ಹೋಗಬೇಕು, ಅದು ನಿನಗೆ ಗೊತ್ತೇ ಇದೆ.

ಅಳತೆಗಾರ


ಫೆಬ್ರವರಿ 27
ಮನೆ

ಅಪ್ಪಾ,

ಸ್ಪೇನ್! ನಾನು ಎರಡು ದಿನ ಅಮ್ಮನನ್ನು ನಂಬಲಿಲ್ಲ. ಮೂರನೇ ದಿನ ಚಿವುಟಿ ಕೇಳಿದೆ, ಅವಳು ವಾಪಸ್ ಚಿವುಟಿದಳು. ಆಮೇಲೆ ನಂಬಿದೆ.

ಯೋಜನೆಯ ಪೂರ್ತಿ ಜವಾಬ್ದಾರಿ ನನ್ನದು. ಅಮ್ಮನಿಗೆ ಬಿಟ್ಟರೆ ಕೊನೆಯ ದಿನ ಪಾಸ್‌ಪೋರ್ಟ್ ಹುಡುಕುತ್ತಾಳೆ, ನಿನಗೆ ಬಿಟ್ಟರೆ ವಿಮಾನದ ಉದ್ದ ಅಳೆಯುತ್ತಾ ನಿಲ್ಲುತ್ತೀಯ. ಅಡುಗೆಮನೆ ಬಾಗಿಲ ಹಿಂದೆ ದೊಡ್ಡ ಹಾಳೆ ಅಂಟಿಸಿ ಹನ್ನೊಂದು ಚೌಕ ಬರೆದಿದ್ದೇನೆ, ದಿನಕ್ಕೊಂದು. ಎಲ್ಲಾ ಪೆನ್ಸಿಲಿನಲ್ಲಿ. ಟಿಕೆಟ್ ಕೈಗೆ ಬಂದ ಮೇಲೆ ಪೆನ್ನು.

ತಕರಾರು ಇರುವುದು ಒಂಬತ್ತನೇ ದಿನದ್ದು. ಅಲ್ಲಿ ನಾನು ಬಿಳಿ ಗುಡ್ಡ ಎಂದು ಬರೆದಿದ್ದೆ. ಲ್ಯಾಬಿನ ಚೀಲದ ಮೇಲಿನದು. ಅದು ನಿಜವಾಗಿಯೂ ಇದೆ ಅಪ್ಪಾ, ಕಡಲ ಊರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಅಮ್ಮ ಬಂದು ರಬ್ಬರ್ ತಗೊಂಡು ಅಳಿಸಿಬಿಟ್ಟಳು. ಅವತ್ತು ಸುಮ್ಮನೆ ದಂಡೆಯಲ್ಲಿ ಕೂರೋಣ ಅಂದಳು. ನಮ್ಮಮ್ಮ ಸುಮ್ಮನೆ ಕೂತಿದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ? ನಾನು ಮತ್ತೆ ಬರೆದೆ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಅಳಿಸಿದೆ. ನೀನು ನನ್ನ ಪಕ್ಷಕ್ಕೆ ಬರಬೇಕು.

ವೀಸಾಕ್ಕೆ ನಿನ್ನಿಂದ ಬೇಕಾದದ್ದು: ಎರಡು ಫೋಟೋ, ನಗು ಬೇಡ. ಕಂಪನಿಯಿಂದ ರಜೆಯ ಪತ್ರ, ಹೋಗುವ ಮತ್ತು ವಾಪಸ್ ಕೆಲಸಕ್ಕೆ ಸೇರುವ ತಾರೀಖು ಸಮೇತ. ಎಲ್ಲಾ ಮಾರ್ಚ್ ಇಪ್ಪತ್ತರೊಳಗೆ ನನ್ನ ಕೈ ಸೇರಬೇಕು. ಅಮ್ಮನಿಗಲ್ಲ, ನನಗೆ.

ಅಪ್ಪಣೆಯ ಮೇರೆಗೆ,
ದೊರೆಸಾನಿ


ಮಾರ್ಚ್ 12
ಕ್ಯಾಂಪ್

ದೊರೆಸಾನಿಯವರ ಸನ್ನಿಧಾನಕ್ಕೆ,

ತಾವು ಕೇಳಿದ ಕಾಗದಗಳೆಲ್ಲ ಇದರೊಂದಿಗಿವೆ. ಫೋಟೋ ಎರಡರ ಬದಲು ನಾಲ್ಕು. ಕಂಪನಿಯ ಪತ್ರ ಮುಖ್ಯ ಕಚೇರಿಯಿಂದ ಬಂದದ್ದು ಹಾಗೇ ಇಟ್ಟಿದ್ದೇನೆ. ತಾರೀಖುಗಳನ್ನು ಮೂರು ಸಲ ನೋಡಿದ್ದೇನೆ, ಎಲ್ಲ ಸರಿಯಾಗಿವೆ.

ಒಂಬತ್ತನೇ ದಿನದ ವಿಷಯದಲ್ಲಿ ಅಮ್ಮ ಹೇಳಿದ ಹಾಗೇ ಇರಲಿ ಪುಟ್ಟಾ. ಒಂದು ದಿನ ಖಾಲಿ ಇದ್ದರೆ ಏನೂ ಕೆಡುವುದಿಲ್ಲ. ಗುಡ್ಡ ಎಲ್ಲೂ ಓಡಿಹೋಗುವುದಿಲ್ಲ.

ಅಪ್ಪ


ಮಾರ್ಚ್ 26
ಲ್ಯಾಬ್

ಸುರಂಗದವನಿಗೆ,

ಹುಡುಗಿ ಸರಿಯಿಲ್ಲ. ಜ್ವರವಿಲ್ಲ, ಹೊಟ್ಟೆನೋವಿಲ್ಲ. ಆದರೆ ನನಗೆ ಎದುರು ಮಾತಾಡುವುದನ್ನು ನಿಲ್ಲಿಸಿದ್ದಾಳೆ. ಹೋದ ಶನಿವಾರದಿಂದ ಏನು ಹೇಳಿದರೂ ಸರಿ ಅಮ್ಮ, ಆಯ್ತು ಅಮ್ಮ. ಮೊನ್ನೆ ನಾನು ಕೇಳುವ ಮುಂಚೆಯೇ ಪಾತ್ರೆ ತೊಳೆದಿಟ್ಟಿದ್ದಳು. ನೀನು ನಗುತ್ತೀಯ. ನನಗೆ ಜೀವ ಬಾಯಿಗೆ ಬಂತು.

ಹಾಳೆಯ ಮೇಲೆ ಏನೂ ಹೊಸದಾಗಿ ಬರೆಯುತ್ತಿಲ್ಲ. ಟಿಕೆಟ್ ಬಂದು ಐದು ದಿನವಾಯಿತು, ಪೆನ್ನು ಮುಟ್ಟಿಲ್ಲ. ಕಡಲ ಊರಿನಲ್ಲಿ ಕೋಣೆ ಹಿಡಿಯುವಾಗ, "ಮೂರು ಮಂಚದ ಒಂದು ಕೋಣೆ ಸಾಕಾ, ಎರಡು ಕೋಣೆ ಬೇಕಾ?" ಅಂತ ಕೇಳಿದಳು. ಹುಡುಗಿ ಕೇಳಿದ್ದು ಇಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಯಾಕೆ ಯಾಕೆ ಎಂದು ಎರಡು ಸಲ ಕೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಒಂದೇ ಕೋಣೆ ಹಿಡಿದಳು.

ನಿನ್ನೆ ಮೇಲಿನ ದವಡೆಯ ಸೆಟ್ ಒಂದರಲ್ಲಿ ಮುಂದಿನ ಎರಡು ಹಲ್ಲನ್ನು ಅದಲುಬದಲು ಕೂರಿಸಿದೆ. ಹದಿನೆಂಟು ವರ್ಷದ ಕೆಲಸದಲ್ಲಿ ಇದೇ ಮೊದಲು. ಡಾಕ್ಟರು ನೋಡಿ, ಈ ಅಜ್ಜ ನಕ್ಕರೆ ಮೊಮ್ಮಕ್ಕಳು ಓಡಿಹೋಗ್ತಾರೆ ಅಂದರು. ನನಗೆ ನಗು ಬರಲಿಲ್ಲ.

ನೀನು ಅವಳಿಗೆ ಏನಾದರೂ ಬರೆದೆಯಾ? ನಿಜ ಹೇಳು.

ಹಲ್ಲಿನವಳು


ಏಪ್ರಿಲ್ 3
ಮನೆ

ಅಪ್ಪನಿಗೆ,

ಕಾಗದಗಳು ತಲುಪಿದವು. ಅರ್ಜಿ ತುಂಬಿಯಾಯಿತು. ಒಂದು ಪ್ರಶ್ನೆ ಉಳಿದಿದೆ. ಒಂಬತ್ತನೇ ದಿನ ಏನು ಇದೆ?

ಅಮ್ಮನನ್ನು ಕೇಳಿದರೆ ದಂಡೆ ಅಂತಾಳೆ. ನಿನ್ನನ್ನು ಕೇಳಿದರೆ ಖಾಲಿ ಅಂತೀಯ. ಭಾನುವಾರ ಫೋನಿನಲ್ಲಿ ಕೇಳಿದೆ, ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ ಒಟ್ಟಿಗೆ ನಿಲ್ಲಿಸಿದಿರಿ. ಯೋಚಿಸಿ ಬರೆ.

ನಿನ್ನ ಮಗಳು


ಏಪ್ರಿಲ್ 13
ಕ್ಯಾಂಪ್

ಪುಟ್ಟಾ,

ಒಂಬತ್ತನೇ ದಿನ ವಿಶ್ರಾಂತಿ. ಅಷ್ಟು ದಿನ ಸುತ್ತಿದ ಮೇಲೆ ಎಲ್ಲರಿಗೂ ದಣಿವಾಗಿರುತ್ತದೆ, ಒಂದು ಕಡೆ ಕೂತು ಮಾತಾಡುವುದೂ ಬೇಕಲ್ಲವೇ. ಬೇರೆ ಏನೂ ಇಲ್ಲ. ನೀನು ಪರೀಕ್ಷೆಯ ಕಡೆ ಗಮನ ಕೊಡು.

ಇನ್ನು ಐವತ್ತೆರಡು ಮೀಟರ್ ಉಳಿದಿದೆ. ಆ ಬದಿಯವರು ಬಂಡೆ ಕೊರೆಯುವ ಸದ್ದು ಈ ಬದಿಗೆ ಸಣ್ಣಗೆ ಕೇಳುತ್ತದೆ.

ಅಪ್ಪ


ಏಪ್ರಿಲ್ 20
ಮನೆ

ಅಪ್ಪ ಮತ್ತು ಅಮ್ಮನಿಗೆ,

ಕಾರ್ಬನ್ ಇಟ್ಟು ಬರೆಯುತ್ತಿದ್ದೇನೆ. ಒಂದು ಕ್ಯಾಂಪಿಗೆ, ಒಂದು ಲ್ಯಾಬಿಗೆ. ಅಮ್ಮನಿಗೆ ಕೆಳಗಿನ ಪ್ರತಿ, ಅಕ್ಷರ ಮಸುಕಾಗಿದ್ದರೆ ದೀಪದ ಕೆಳಗೆ ಹಿಡಿದು ಓದು. ಎದುರಿಗೆ ಹೇಳೋಣ ಅಂತ ನಾಲ್ಕು ವಾರ ಪ್ರಯತ್ನ ಮಾಡಿದೆ. ಬಾಯಿ ತೆರೆದರೆ ಅಳು ಬರುತ್ತದೆ. ಅಳುವವರ ಮಾತನ್ನು ನೀವು ಕೇಳುವುದಿಲ್ಲ, ಸಮಾಧಾನ ಮಾಡಲು ಶುರು ಮಾಡುತ್ತೀರಿ.

ನನಗೆ ಗೊತ್ತು.

ಕಂಪನಿಯ ಪತ್ರದಲ್ಲಿದೆ. ಅಪ್ಪಾ, ನೀನು ತಾರೀಖನ್ನು ಮೂರು ಸಲ ನೋಡಿದೆ, ನಡುವಿನ ಸಾಲನ್ನು ಒಂದು ಸಲವೂ ಓದಲಿಲ್ಲ ಅಲ್ಲವಾ? ನಾನು ಓದಿದೆ, ಅರ್ಜಿಯಲ್ಲಿ ಬರೆಯಬೇಕಿತ್ತು. ಇದ್ದ ಹಾಗೇ ಇಳಿಸುತ್ತಿದ್ದೇನೆ. "ಸದರಿ ನೌಕರರು ರಜೆಯ ನಂತರ, ತಮ್ಮ ಸ್ವಂತ ಕೋರಿಕೆಯ ಮೇರೆಗೆ, ಉತ್ತರದ ಯೋಜನೆಗೆ ನಾಲ್ಕು ವರ್ಷಗಳ ಅವಧಿಗೆ ಸೇರತಕ್ಕದ್ದು. ಕುಟುಂಬ ವಸತಿಯನ್ನು ನಿರಾಕರಿಸಿರುವುದರಿಂದ ಒಂಟಿ ಕೋಣೆ ಮಂಜೂರಾಗಿದೆ."

ಮೊದಲು ಅಪ್ಪ ಒಬ್ಬನೇ ಓಡಿಹೋಗುತ್ತಿದ್ದಾನೆ ಅಂದುಕೊಂಡೆ, ಅಮ್ಮನಿಗೆ ಗೊತ್ತಿಲ್ಲ ಅಂತ ಅಮ್ಮನ ಮೇಲೆ ಕನಿಕರ ಬಂತು. ಅದಕ್ಕೇ ಪಾತ್ರೆ ತೊಳೆದೆ. ಆಮೇಲೆ ಒಂಬತ್ತನೇ ದಿನದ ಬಗ್ಗೆ ಕೇಳಿದೆ. ಇಬ್ಬರೂ ಸೇರಿ ಕಾಯುತ್ತಿರುವ ದಿನ ಅದು ಅಂತ ಅವತ್ತು ಗೊತ್ತಾಯಿತು. ಎಂಟು ದಿನ ನನ್ನನ್ನು ಕುಣಿಸಿ ಒಂಬತ್ತನೇ ದಿನ ಹೇಳುವುದು. ಇದು ಅಮ್ಮನ ಉಪಾಯ, ಅಪ್ಪನಿಗೆ ಇಷ್ಟು ಬರುವುದಿಲ್ಲ.

ನನಗೆ ಸಿಟ್ಟು ಬಂದಿರುವುದು ನೀವು ಬೇರೆಯಾಗುವುದಕ್ಕಲ್ಲ. ಅದಕ್ಕೂ ಬಂದಿದೆ. ಆದರೆ ಹೆಚ್ಚು ಬಂದಿರುವುದು ಸ್ಪೇನಿಗೆ. ಏಳು ವರ್ಷದವಳಿದ್ದಾಗಿನಿಂದ ನನ್ನದು ಅಂತ ಇರುವುದು ಅದೊಂದೇ. ವರ್ಷದಲ್ಲಿ ಅಪ್ಪನಿಲ್ಲದ ಮುನ್ನೂರ ಚಿಲ್ಲರೆ ದಿನ, ಅಮ್ಮ ಲ್ಯಾಬಿನಿಂದ ಬರುವುದು ತಡವಾದ ಸಂಜೆಗಳು, ಎಲ್ಲದರಲ್ಲೂ ಅದು ನನ್ನ ಜೊತೆಗಿತ್ತು. ನೀವು ಅಲ್ಲಿ, ಆ ದಂಡೆಯಲ್ಲಿ ಹೇಳಿದರೆ ನಾನು ಸಾಯುವವರೆಗೂ ಆ ದೇಶದ ಹೆಸರು ಕೇಳಿದಾಗ ಅದೇ ನೆನಪಾಗುತ್ತದೆ. ನಿಮಗೆ ಹೇಳಲು ಇಡೀ ಭೂಮಿಯಲ್ಲಿ ಬೇರೆ ಜಾಗ ಸಿಗಲಿಲ್ಲವಾ?

ಮನೆಯಲ್ಲಿ ಹೇಳಿ. ಅಡುಗೆಮನೆಯ ಮೇಜಿನಲ್ಲಿ, ಡಿಸೆಂಬರಿನಲ್ಲಿ ಗುಸುಗುಸು ಮಾತಾಡಿದ ಹಾಗೆ ನಲ್ಲಿ ಬಿಟ್ಟುಕೊಂಡು ಅಲ್ಲ. ಮೇ ಹತ್ತು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಹಿಂದಿನ ದಿನ ನನ್ನ ಕೊನೆಯ ಪರೀಕ್ಷೆ ಮುಗಿಯುತ್ತದೆ. ಅಪ್ಪ ಬರಬೇಕು, ಗುಡ್ಡದ ಮೇಲಿಂದ ಫೋನ್ ಅಲ್ಲ. ಆಮೇಲೆ ಹೋಗುವುದೋ ಬಿಡುವುದೋ ನಾನು ಹೇಳುತ್ತೇನೆ. ಅಲ್ಲಿಯವರೆಗೆ ಇಬ್ಬರೂ ನನ್ನನ್ನು ಏನೂ ಕೇಳಬೇಡಿ. ಅಮ್ಮಾ, ಮುಖ್ಯವಾಗಿ ನೀನು.

ಇದನ್ನು ಅಪ್ಪಣೆ ಅಂತ ಬರೆಯುತ್ತಿಲ್ಲ. ಬೇಡಿಕೊಳ್ಳುತ್ತಿದ್ದೇನೆ. ಸ್ಪೇನನ್ನು ನನಗೆ ಬಿಟ್ಟುಕೊಡಿ.

ನಿಮ್ಮ ಮಗಳು


ಏಪ್ರಿಲ್ 22
ಲ್ಯಾಬ್

ಸ್ವಂತ ಕೋರಿಕೆ.

ಈ ಎರಡು ಪದವನ್ನು ಬೆಳಿಗ್ಗೆಯಿಂದ ಎಷ್ಟು ಸಲ ಓದಿದೆನೋ. ಮಸುಕು ಅಕ್ಷರ, ದೀಪದ ಕೆಳಗೆ ಹಿಡಿದೇ ಓದಿದೆ. ನೀನು ಕಂಪನಿ ಹಾಕಿದೆ ಅಂದೆ. ನನ್ನ ಕೈಯಲ್ಲಿ ಏನೂ ಇಲ್ಲ ಅಂದೆ. ಡಿಸೆಂಬರಿನಲ್ಲಿ ನಲ್ಲಿಯ ಪಕ್ಕ ನಿಂತು, ಪಾಪ, ಎಷ್ಟು ನೊಂದ ಮುಖ ಮಾಡಿಕೊಂಡಿದ್ದೆ. ಯಾರ ತಪ್ಪೂ ಅಲ್ಲವೆಂದು ನಾನೇ ನಿನಗೆ ಧೈರ್ಯ ಹೇಳಿದೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು! ಬೇಡಿಕೊಂಡು, ಅರ್ಜಿ ಬರೆದು, ಹೆಂಡತಿ ಮಕ್ಕಳ ಮನೆ ಬೇಡವೆಂದು ಸಹಿ ಹಾಕಿ ಹೋಗುತ್ತಿದ್ದೀಯ. ಅದನ್ನು ನನಗೆ ತಿಳಿಸಿದವಳು ಹದಿನೈದು ವರ್ಷದ ಹುಡುಗಿ.

ಗುಡ್ಡದಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಹಿಡಿಯುವವನಿಗೆ ಒಂದು ಸಾಲು ಓದಲು ಬರಲಿಲ್ಲವಾ? ಓದಿದ್ದರೆ ಆ ಹಾಳೆಯನ್ನು ಕಳಿಸುತ್ತಿರಲಿಲ್ಲ. ಕಳಿಸಿದ್ದೇ ಒಳ್ಳೆಯದಾಯಿತು.

ಒಂಬತ್ತನೇ ದಿನದ ಉಪಾಯ ನನ್ನದು. ಅದರ ಪಾಪ ನನಗಿರಲಿ, ನಾನು ಹೊರುತ್ತೇನೆ. ಮರಗಟ್ಟಿಸಿ ಕೀಳುತ್ತೇನೆ ಅಂದುಕೊಂಡೆ, ಮಗು ನಾಲ್ಕು ವಾರದಿಂದ ಒಬ್ಬಳೇ ಹಲ್ಲು ಕಚ್ಚಿಕೊಂಡು ಕೂತಿತ್ತು. ಅವಳು ಈಗ ಎದುರಿಗೇ ಕೂತು ತಟ್ಟೆ ನೋಡುತ್ತಾ ಉಣ್ಣುತ್ತಾಳೆ. ಏನೂ ಕೇಳಬೇಡ ಅಂದಿದ್ದಾಳೆ, ಕೇಳುತ್ತಿಲ್ಲ. ಇನ್ನೂ ಹದಿನೆಂಟು ದಿನ ಹೀಗೇ ಉಣ್ಣಬೇಕು.

ಮೇ ಹತ್ತಕ್ಕೆ ಬರುತ್ತೀಯೋ ಇಲ್ಲವೋ ನಾನು ಕೇಳುವುದಿಲ್ಲ. ಬರದಿದ್ದರೆ ಆ ಕುರ್ಚಿ ತೋರಿಸಿ ನಾನೇ ಹೇಳುತ್ತೇನೆ.


ಮೇ 1
ಕ್ಯಾಂಪ್

ಹಲ್ಲಿನವಳಿಗೆ,

ಬರುತ್ತೇನೆ.

ಬೇಡಿಕೊಂಡದ್ದು ನಿಜ. ಹೋದ ಅಕ್ಟೋಬರಿನಲ್ಲಿ ಅರ್ಜಿ ಕೊಟ್ಟೆ. ನಿನಗೆ ಹೇಳಲು ಮುಖವಿರಲಿಲ್ಲ, ಕಂಪನಿಯ ಹೆಸರು ಹೇಳಿದೆ. ಇದಕ್ಕೆ ನೆಪ ಹೇಳುವುದಿಲ್ಲ. ಆದರೆ ಒಂದು ವಿಷಯ ಬರೆಯಬೇಕು, ಎದುರಿಗೆ ಬಂದರೆ ನನಗೆ ಮಾತು ಹೊರಡುವುದಿಲ್ಲ.

ಪ್ರತಿ ಸಲ ನಾನು ಮನೆಗೆ ಬಂದಾಗ ನೀನು ಬಾಗಿಲು ತೆರೆದು ಕೇಳುವ ಮೊದಲ ಮಾತು "ಎಷ್ಟು ದಿನ?" ಅಂತ. ಬ್ಯಾಗು ಇನ್ನೂ ಕೈಯಲ್ಲೇ ಇರುತ್ತದೆ. ಹನ್ನೆರಡು ದಿನ ಅಂದರೆ ಆಯಿತು ಅಂತೀಯ, ಐದು ದಿನ ಅಂದರೂ ಆಯಿತು ಅಂತೀಯ. ನಿಮ್ಮಿಬ್ಬರ ಮನೆ ನಾನಿಲ್ಲದೆ ಚೆನ್ನಾಗಿ ನಡೆಯುತ್ತಿದೆ. ಯಾವ ಡಬ್ಬದಲ್ಲಿ ಸಕ್ಕರೆ ಇದೆ ಎಂದು ನನಗೆ ಗೊತ್ತಿಲ್ಲ. ಹೋದ ಆಗಸ್ಟಿನಲ್ಲಿ ಎರಡು ದಿನ ಮುಂಚೆಯೇ ಹೊರಟು ನಿಂತೆ. ಯಾಕೆ ಎಂದು ಯಾರೂ ಕೇಳಲಿಲ್ಲ. ವಾಪಸ್ ಬಂದು ಅರ್ಜಿ ಬರೆದೆ.

ಇಲ್ಲಿ ಇನ್ನು ಹದಿನಾಲ್ಕು ಮೀಟರ್ ಇದೆ. ಒಂಬತ್ತನೇ ತಾರೀಖು ಹೊರಡುತ್ತೇನೆ.

ಅಳತೆಗಾರ


ಮೇ 15
ಲ್ಯಾಬ್

ಸುರಂಗದವನಿಗೆ,

ನೀನು ಹೊರಟ ಮಾರನೇ ದಿನ ನಿನ್ನ ಜೊತೆಯವನೊಬ್ಬ ಮನೆಗೆ ಫೋನ್ ಮಾಡಿದ. ಎರಡು ಬದಿಯೂ ಭಾನುವಾರ ಹತ್ತೂಕಾಲಿಗೆ ಕೂಡಿತಂತೆ, ವ್ಯತ್ಯಾಸ ಬರೀ ಎರಡು ಬೆರಳಂತೆ, ಇಡೀ ಕ್ಯಾಂಪು ಕುಣಿಯಿತಂತೆ. "ಆರು ವರ್ಷ ಅಳೆದವನೇ ಅವತ್ತು ಇರ್ಲಿಲ್ಲವಲ್ಲ, ಮನೇಲಿ ಏನು ಅಂಥಾ ಕೆಲ್ಸ?" ಅಂತ ಕೇಳಿದ. ಮನೆಯಲ್ಲಿ ಸ್ವಲ್ಪ ಕೆಲಸವಿತ್ತು ಎಂದು ಫೋನ್ ಇಟ್ಟೆ. ಹತ್ತೂಕಾಲಿಗೆ ನೀನು ನಮ್ಮ ಮೇಜಿನಲ್ಲಿ ಕೂತು, ನೀರಿನ ಲೋಟ ಹಿಡಿದಿದ್ದೆ. ನನಗೆ ಒಂದು ಮಾತು ಹೇಳಲಿಲ್ಲ.

ಅವಳಿಗೆ ಹೇಳಿದೆ. ಹೇಳಬೇಕು ಅನ್ನಿಸಿತು. ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಅಳು ಕೇಳಿತು. ಮೇಜಿನಲ್ಲಿ ಅಷ್ಟು ಗಟ್ಟಿಯಾಗಿ ಕೂತಿದ್ದಳಲ್ಲ, ನಿನ್ನ ಮಾತಿಗೂ ಅಳಲಿಲ್ಲ, ನನ್ನ ಮಾತಿಗೂ ಅಳಲಿಲ್ಲ. ಈಗ ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಬಾಗಿಲ ಹೊರಗೆ ಕೂತೆ, ಅವಳು ತೆಗೆಯುವವರೆಗೂ. ನಾನು ಸುಮ್ಮನೆ ಕೂತದ್ದು ಬಹುಶಃ ಅದೇ ಮೊದಲು.

ನಿನ್ನ ಕಾಗದಕ್ಕೆ ಮೇಜಿನಲ್ಲಿ ಉತ್ತರ ಕೊಟ್ಟೆ, ಅವಳ ಎದುರಿಗೇ ಕೊಟ್ಟೆ, ಆದರೂ ಇನ್ನೊಮ್ಮೆ ಬರೆಯುತ್ತೇನೆ, ಬರೆದದ್ದು ಉಳಿಯಲಿ. ಎಷ್ಟು ದಿನ ಎಂದು ನಾನು ಕೇಳಿದ್ದು ಎಣಿಸಿಕೊಳ್ಳಲು. ಐದು ದಿನ ಎಂದು ಗೊತ್ತಾದರೆ ಐದು ದಿನಕ್ಕಾಗುವಷ್ಟೇ ಆಸೆಪಟ್ಟುಕೊಳ್ಳಬಹುದಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಯಾಕೆ ಕೇಳ್ತೀಯ ಎಂದು ನೀನು ಕೇಳಬಹುದಿತ್ತು. ಆಗಸ್ಟಿನಲ್ಲಿ ನೀನು ಯಾಕೆ ಮುಂಚೆಯೇ ಹೊರಟೆ ಎಂದು ನಾನೂ ಕೇಳಬಹುದಿತ್ತು. ಇಬ್ಬರೂ ಕೇಳಲಿಲ್ಲ. ಈಗ ಕೇಳಿದ್ದೇವೆ, ಆದರೆ ಈಗ ನನ್ನಲ್ಲಿ ಮತ್ತೆ ಎಣಿಸುವ ಶಕ್ತಿ ಉಳಿದಿಲ್ಲ. ನಿನಗೂ ಇಲ್ಲವೆಂದು ಕಾಣುತ್ತದೆ. ತೀರ್ಮಾನ ತೀರ್ಮಾನವೇ ಇರಲಿ.

ನೀನು ಅವತ್ತು ಬಂದೆಯಲ್ಲ, ಅದನ್ನು ಮಾತ್ರ ನಾನು ಮರೆಯುವುದಿಲ್ಲ.

ಇನ್ನು ಅವಳ ಉತ್ತರ. ಇವತ್ತು ಬೆಳಿಗ್ಗೆ ಅಡುಗೆಮನೆಗೆ ಬಂದು, ಬಾಗಿಲ ಹಿಂದಿನ ಹಾಳೆಯ ಮುಂದೆ ನಿಂತು, ಜಡೆ ಹಾಕಿಕೊಳ್ಳುತ್ತಾ ನನ್ನ ಕಡೆ ತಿರುಗದೆ ಕೇಳಿದಳು.

"ಒಂಬತ್ತನೇ ದಿನ ಈಗ ನಿಮಗೆ ಬೇಕಾಗಿಲ್ಲ ಅಲ್ವಾ?"

ಬೇಕಾಗಿಲ್ಲ ಅಂದೆ.

"ಹಾಗಾದ್ರೆ ಅದು ನಂದು. ಮೂರೂ ಜನ ಹೋಗ್ತೀವಿ. ಅಲ್ಲಿ ಯಾರೂ ಅಳೋ ಹಾಗಿಲ್ಲ, ಯಾರೂ ಅತಿಯಾಗಿ ನಗೋ ಹಾಗೂ ಇಲ್ಲ. ಅಪ್ಪಂಗೆ ಬರಿ."

ಬರೆದಿದ್ದೇನೆ. ಸಕ್ಕರೆ ಎಡಗಡೆಯ ಕೆಂಪು ಮುಚ್ಚಳದ ಡಬ್ಬದಲ್ಲಿದೆ.

ಹಲ್ಲಿನವಳು


ಜೂನ್ 20
ಸ್ಪೇನ್, ಬಿಳಿ ಗುಡ್ಡದ ಬುಡ, ಬಸ್ ನಿಲ್ದಾಣದ ಬೆಂಚು

ಅಪ್ಪಾ,

ಈ ಕಾರ್ಡು ಬರೆಯುವಾಗ ನೀನು ನನ್ನಿಂದ ಮೂರು ಮಾರು ದೂರದಲ್ಲಿ ನಿಂತು ಗುಡ್ಡಕ್ಕೆ ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಹಿಡಿದಿದ್ದೀಯ. ಎತ್ತರ ಲೆಕ್ಕ ಹಾಕುತ್ತಿದ್ದೀಯ ಅಂತ ಗೊತ್ತು. ಅಮ್ಮ ಬಗ್ಗಿ ಒಂದು ಚಿಟಿಕೆ ಪುಡಿ ತೆಗೆದು ಬೆರಳಲ್ಲಿ ಉಜ್ಜಿ, "ನಮ್ಮ ಚೀಲದ್ದೇ ಕಣೇ ಇದು, ಸ್ವಲ್ಪ ತರಿ ಜಾಸ್ತಿ," ಅಂದಳು. ನನ್ನ ಬೂಟು, ನಿನ್ನ ಪ್ಯಾಂಟು, ಅಮ್ಮನ ಮೂಗಿನ ತುದಿ ಎಲ್ಲಾ ಬೆಳ್ಳಗಾಗಿದೆ. ಗುಡ್ಡ ಚೀಲದ ಚಿತ್ರದಲ್ಲಿರುವಷ್ಟು ದೊಡ್ಡದಿಲ್ಲ. ಪರವಾಗಿಲ್ಲ, ನನಗೆ ಇಷ್ಟವಾಯಿತು.

ಇದನ್ನು ನಿನ್ನ ಕೈಗೇ ಕೊಡಬಹುದಿತ್ತು. ಆದರೆ ಹೊಸ ಕೋಣೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅಲ್ಲಿ ನೀನು ಬಾಗಿಲು ತೆಗೆದಾಗ ಒಳಗೆ ಯಾರೂ ಇರುವುದಿಲ್ಲವಲ್ಲ, ಒಂದು ಕಾಗದವಾದರೂ ಬಂದು ಬಿದ್ದಿರಲಿ ಅಂತ. ಅಮ್ಮನಿಗೆ ಬೇರೆ ಕಾರ್ಡು ಮನೆಗೆ ಹಾಕಿದ್ದೇನೆ. ಅದರಲ್ಲಿ ಏನು ಬರೆದೆ ಅಂತ ನಿನಗೆ ಹೇಳುವುದಿಲ್ಲ. ಇನ್ನು ಮೇಲೆ ಕಾರ್ಬನ್ ಇಡುವುದಿಲ್ಲ.

ನೀನು ಮನೆಗೆ ಬಂದಾಗ ಇನ್ನು ಬಾಗಿಲು ತೆರೆಯುವವಳು ನಾನು. ಎಷ್ಟು ದಿನ ಅಂತ ನಾನೂ ಕೇಳುತ್ತೇನೆ. ಯಾಕೆ ಕೇಳುತ್ತೇನೆ ಅಂತ ಈಗ ನಿನಗೆ ಗೊತ್ತಿದೆ. ಸ್ವಲ್ಪ ಜಾಸ್ತಿ ದಿನ ಹೇಳು.

ಅಪ್ಪಣೆಯ ಮೇರೆಗೆ,
ದೊರೆಸಾನಿ